ಬಾಗಿಲ ಹಿಂದಿನ ಸಾಕ್ಷಿ

ಕೋರ್ಟಿಗೆ ಬೇಸಿಗೆ ರಜೆ ಬಿದ್ದ ಮೇಲೆ ನನಗೆ ಕೋರ್ಟಿನ ಕೆಲಸ ಶುರುವಾಯಿತು. ಕೇಳಿದವರು ನಗುತ್ತಿದ್ದರು. ಆದರೆ ಲಾ ಕಾಲೇಜಿಗೂ ಕೋರ್ಟಿಗೂ ರಜೆ ಒಟ್ಟಿಗೇ ಬರುತ್ತಿತ್ತು, ಏನು ಮಾಡುವುದು? ನನ್ನ ತಂದೆ ದಾವಣಗೆರೆಯ ಒಬ್ಬ ಹಿರಿಯ ವಕೀಲರ ಹತ್ತಿರ ಹೋಗಿ, "ರಜೆ ತುಂಬಾ ಇಂಗ್ಲಿಷ್ ನಾವೆಲ್ ಓದಿಕೊಂಡು ಬಿದ್ದಿರ್ತಾಳ್ರಿ, ಅದರ ಬದಲು ನಿಮ್ಮ ಆಫೀಸಿನಾಗ ಕೂಡ್ಲಿ" ಎಂದು ಒಪ್ಪಿಸಿ ಬಂದರು. ಹಾಗೆ ನಾನು ಪೇಟೆಯ ಒಂದು ಅಟ್ಟದ ಮೇಲಿನ ಆಫೀಸಿಗೆ, ಕಾಟನ್ ಸೀರೆಗೆ ಗಂಜಿ ಹಾಕಿಕೊಂಡು, ಭಯಂಕರ ಸೀರಿಯಸ್ಸಾಗಿ ಹೋದೆ.

ಆ ವಕೀಲರನ್ನು ನಾನು ಕೊನೆಯವರೆಗೂ ಸೀನಿಯರ್ ಎಂದೇ ಕರೆದೆ. ಮೊದಲ ದಿನ ಅವರು ನನ್ನ ಕೈಗೆ ಕೊಟ್ಟದ್ದು ಕಾನೂನಿನ ಪುಸ್ತಕವಲ್ಲ, ದಬ್ಬಳ ಮತ್ತು ಬಿಳಿ ದಾರ.

"ಕಾನ್ವೆಂಟಿನಾಗ ಸಿಸ್ಟರ್‌ಗಳು ನೀಡಲ್‌ವರ್ಕ್ ಕಲಿಸಿರ್ತಾರಲ್ಲಮ್ಮ? ಫೈಲ್ ಹೊಲಿ. ಹೊಲಿಯೋವಾಗ ಓದು. ಓದದೆ ಹೊಲಿದರೆ ನನಗೆ ಗೊತ್ತಾಗ್ತದೆ."

ಫ್ರಾಂಕ್ಲಿ, ನನಗೆ ಅವಮಾನವಾಯಿತು. ಆದರೆ ಅದೇ ಅಲ್ಲಿಯ ವಿದ್ಯೆ. ಮೊದಲು ದಾವೆಯ ಅರ್ಜಿ, ಅದರ ಹಿಂದೆ ಎದುರು ಪಕ್ಷದ ಲಿಖಿತ ಉತ್ತರ, ಆಮೇಲೆ ಕೋರ್ಟು ಎತ್ತಿದ ಪ್ರಶ್ನೆಗಳು, ಆಮೇಲೆ ಕಾಗದಪತ್ರ. ಎಡ ಅಂಚಿಗೆ ತೂತು, ತೂತಿಗೆ ದಾರ. ಕ್ರಮ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಹತ್ತಿಯ ಧೂಳು ಕಿಟಕಿಯಿಂದ ಬಂದು ಕಾಗದದ ಮೇಲೆ ಕೂರುತ್ತಿತ್ತು. ಮಿಲ್ಲಿನ ಸೈರನ್ ಕೂಗಿದಾಗಲೆಲ್ಲ ಸೀನಿಯರ್ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಒಂದು ದಿನ ಅವರು ನನ್ನನ್ನು ಹೊಲಿಗೆಯಿಂದ ಎಬ್ಬಿಸಿ ಆಫೀಸಿನ ಹಿಂದೆಯೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು. ನಡುಮನೆಯಲ್ಲಿ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಮೂವತ್ತರ ಆಸುಪಾಸು. ಭಾನುವಳ್ಳಿಯಿಂದ ಬಸ್ಸಿಗೆ ಬಂದಿದ್ದಳು. ನಮ್ಮ ಕಕ್ಷಿಗಾರ್ತಿ.

"ನನ್ನ ಮುಂದೆ ಈಕೆ ಬಾಯಿ ಬಿಡೋದಿಲ್ಲ" ಎಂದರು ಸೀನಿಯರ್. "ನೆಲ ನೋಡ್ತಾಳೆ, 'ನಿಮಗೆಲ್ಲ ಗೊತ್ತೈತಲ್ರಿ' ಅಂತಾಳೆ. ನನಗೇನೂ ಗೊತ್ತಿಲ್ಲ. ನೀನು ಕೇಳಿ ಬರಿ." ಹೇಳಿ ಹೊರಟುಹೋದರು.

ಅವಳ ಕಥೆ ದೊಡ್ಡದಲ್ಲ. ಹರಿಹರದ ಪಕ್ಕದ ಗುತ್ತೂರು ಅವಳ ತವರು. ಮೊದಲ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಕೆಲವು ವರ್ಷಗಳ ಮೇಲೆ ಭಾನುವಳ್ಳಿಯ ಒಂದು ಅನುಕೂಲಸ್ಥ ಮನೆಯ ಕಿರಿಯ ಮಗನ ಜೊತೆ ಅವಳಿಗೆ ಉಡಿಕೆಯಾಯಿತು. ವಿಧವೆಯನ್ನು ಮತ್ತೆ ಮನೆ ತುಂಬಿಸಿಕೊಳ್ಳುವ ಶಾಸ್ತ್ರಕ್ಕೆ ನಮ್ಮ ಕಡೆ ಉಡಿಕೆ ಅನ್ನುತ್ತಾರೆ. ಚೆನ್ನಾಗಿಯೇ ಬಾಳಿದರು, ಮಕ್ಕಳಾಗಲಿಲ್ಲ. ಗಂಡನೂ ಅವನ ಅಣ್ಣನೂ ಮೊದಲೇ ಪಾಲಾಗಿದ್ದರು. ತಮ್ಮನಿಗೆ ಓಣಿಯ ಎದುರುಬದಿಯ ಮನೆ, ಕಾಲುವೆ ನೀರಿನ ಗದ್ದೆ. ಆ ತಮ್ಮ ಜ್ವರ ಬಂದು ಸತ್ತ. ಸತ್ತ ಮೇಲೆ ಅಣ್ಣ ಹೇಳಿದ: ಇವಳು ನನ್ನ ತಮ್ಮನ ಹೆಂಡತಿಯೇ ಅಲ್ಲ, ಇಟ್ಟುಕೊಂಡಿದ್ದವಳು. ಆಗ ಹೊಸ ಉತ್ತರಾಧಿಕಾರ ಕಾಯಿದೆ ಬಂದು ಕೆಲವು ವರ್ಷವಾಗಿತ್ತು. ಹೆಂಡತಿಯಾದರೆ ಮನೆ, ಗದ್ದೆ ಎರಡೂ ಅವಳದ್ದು. ಅಲ್ಲದಿದ್ದರೆ ಎಲ್ಲ ಅಣ್ಣನದು.

"ಗದ್ದಿ ಹೋದ್ರ ಹೋಗ್ಲಿ ಅನ್ನಂಗಿಲ್ಲವ್ವ ನಾನು, ಉಣ್ಣಾಕ ಬೇಕು" ಎಂದಳು ಅವಳು. "ಆದ್ರ ಅದಕ್ಕಿಂತ ಮುಂಚೆ ಆ ಮಾತು ಹೋಗ್ಬೇಕು. ನೀರಿಗೆ ಹೋದ್ರ ಸಾಕು, 'ಇಟ್ಕಂಡಾಕಿ ಬಂದ್ಲು, ದಾರಿ ಬಿಡ್ರೇ' ಅಂತಾವ. ಅವನು ಇದ್ದಾಗ ಒಬ್ಬಾಕಿ ಅಂದಿದ್ದಿಲ್ಲ."

ನಾನು ಪಠ್ಯಪುಸ್ತಕ ನೋಡಿ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಐ ವಾಸ್ ಸೋ ಪ್ರೌಡ್ ಆಫ್ ದೆಮ್. ಒಂದೊಂದಾಗಿ ಕನ್ನಡ ಮಾಡಿ ಕೇಳಿದೆ. ಚಪ್ಪರ ಹಾಕಿದ್ದರೇ? ಇಲ್ಲ. ವಾದ್ಯ? ಇಲ್ಲ. ಫೋಟೋ? ಅವಳು ನಕ್ಕೇಬಿಟ್ಟಳು.

"ಹೋಗಲಿ, ಆವತ್ತು ಬಂದಿದ್ದ ಮುತ್ತೈದೆಯರ ಹೆಸರು ಹೇಳಿ."

ಅವಳು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಯಾವೂರಾಕೆವ್ವ ನೀನು?"

"ದಾವಣಗೆರೆಯವಳೇ."

"ದಾವಣಗೆರ್ಯಾಗ ಹುಟ್ಟಿ, ಉಡಿಕಿಗೆ ಮುತ್ತೈದೇರು ಬಂದಿದ್ರೇನು ಅಂತ ಕೇಳ್ತೀಯಲ್ಲ! ಚಲೋ ಓದ್ಸ್ಯಾರ ನಿನ್ನ."

ಆಮೇಲೆ ಅವಳೇ ತಿಳಿಸಿ ಹೇಳಿದಳು. ಉಡಿಕೆ ನಡೆಯುವುದು ಹೊತ್ತು ಮುಳುಗಿದ ಮೇಲೆ, ಒಳಕೋಣೆಯಲ್ಲಿ. ಇರಬೇಕಾದವರು ಶಾಸ್ತ್ರ ಹೇಳುವ ಅಯ್ನೋರು, ಮನೆಯ ಹಿರಿಯ ಗಂಡಸು, ಮತ್ತು ವಿಧವೆಯರು. ಅವರ ಮನೆತನದಲ್ಲಿ ಹಸಿರು ಬಳೆ ತೊಡಿಸಿ ತಾಳಿ ಕಟ್ಟುವುದೂ ಹಿರಿಯ ವಿಧವೆಯೇ. ಮುತ್ತೈದೆಯರನ್ನು ಅದಕ್ಕೆ ಮುಂಚೆಯೇ ಮನೆಯಿಂದ ಆಚೆ ಕಳಿಸುತ್ತಾರೆ. ಬೆಳಗ್ಗೆ ಬಿಸಿಲು ಬೀಳುವವರೆಗೆ ಅವರು ಆ ಹೆಂಗಸಿನ ಮುಖ ನೋಡಬಾರದು. ನೋಡಿದರೆ ಅವರ ಮುತ್ತೈದೆತನಕ್ಕೆ ಕೇಡಂತೆ.

ನನಗೆ ಮೈಯೆಲ್ಲ ಉರಿಯಿತು. ಅಂದರೆ ಇಡೀ ಪದ್ಧತಿಯೇ ಯಾರೂ ನೋಡಬಾರದೆಂದು ಮಾಡಿದ್ದು! ಈಗ ನೋಡಿದವರನ್ನು ತಾ ಅನ್ನುತ್ತದೆ ಕೋರ್ಟು. ಸೀನಿಯರ್ ಹತ್ತಿರ ಹೋಗಿ ದೊಡ್ಡ ಭಾಷಣ ಮಾಡಿದೆ.

"ಸಿಟ್ಟನ್ನ ಸಾಕ್ಷಿಕಟ್ಟೆ ಹತ್ತಿಸೋಕೆ ಬರೋದಿಲ್ಲಮ್ಮ" ಎಂದರು. "ಪದ್ಧತಿ ಇದೆ ಅನ್ನೋದು ಸಾಬೀತು ಮಾಡಬಹುದು, ಅದು ಕಷ್ಟ ಅಲ್ಲ. ಆವತ್ತು ಆ ಮನೆಯಲ್ಲಿ ನಡೀತು ಅನ್ನೋದನ್ನ ಯಾರು ಹೇಳ್ತಾರೆ?"

ಅಯ್ನೋರು ತೀರಿಕೊಂಡಿದ್ದರು. ಇದ್ದ ಇಬ್ಬರು ವಿಧವೆಯರಲ್ಲಿ ಒಬ್ಬಳು ತೀರಿಕೊಂಡಿದ್ದಳು. ಹಿರಿಯ ಗಂಡಸು ಎಂದರೆ ಆ ಅಣ್ಣನೇ, ನಮ್ಮ ಎದುರು ಪಕ್ಷ. ಉಳಿದದ್ದು ಒಬ್ಬರೇ: ಅಣ್ಣತಮ್ಮಂದಿರ ಸೋದರತ್ತೆ. ತಾಳಿ ಕಟ್ಟಿದ ಕೈ ಅವರದೇ. ಬಾಲ್ಯದಲ್ಲೇ ಗಂಡ ಸತ್ತು ತವರಿಗೆ ಬಂದವರು, ಅಲ್ಲೇ ಹಣ್ಣಾದವರು. ಈ ಅಣ್ಣತಮ್ಮಂದಿರಿಬ್ಬರನ್ನೂ ಎತ್ತಿ ಆಡಿಸಿದವರು. ಈಗ ಇದ್ದದ್ದು ಆ ಹಿರಿಯ ಸೋದರಳಿಯನ ಮನೆಯಲ್ಲಿ, ಅವನ ಅನ್ನದಲ್ಲಿ. ಬಿದ್ದು ಸೊಂಟ ಮುರಿದಿದ್ದರಿಂದ ಕೋರ್ಟಿಗೆ ಬರಲಾರರು. ಅದಕ್ಕೆ ಸೀನಿಯರ್ ರಜೆಗೆ ಮುಂಚೆಯೇ ಅರ್ಜಿ ಹಾಕಿ ಕಮಿಷನ್ ಆದೇಶ ತಂದಿದ್ದರು. ಕೋರ್ಟಿನ ಪರವಾಗಿ ಒಬ್ಬ ವಕೀಲರು ಕಮಿಷನರ್ ಆಗಿ ಆ ಮನೆಗೇ ಹೋಗಿ, ಎರಡೂ ಕಡೆಯವರ ಎದುರು ಆಕೆಯ ಹೇಳಿಕೆ ಬರೆದುಕೊಂಡು, ಕೋರ್ಟು ತೆರೆದಾಗ ಒಪ್ಪಿಸಬೇಕು.

ಯಾರ ಅನ್ನ ಉಣ್ಣುತ್ತಾರೋ ಅವರ ವಿರುದ್ಧ, ಅವರ ನಡುಮನೆಯಲ್ಲೇ ಕೂತು ಹೇಳಬೇಕು. ಕಾನೂನು ಅದನ್ನು ಸೌಕರ್ಯ ಅನ್ನುತ್ತದೆ.

ಆ ವಾರವೇ ನನಗೆ ಹೊಲಿಗೆಯಲ್ಲಿ ಒಂದು ವಿಷಯ ಸಿಕ್ಕಿತು. ಎದುರು ಪಕ್ಷದ ಲಿಖಿತ ಉತ್ತರ ಬರೆದವರು ಹೊರ ಊರಿನ ದೊಡ್ಡ ವಕೀಲರು. ಮುದ್ದಾದ ಇಂಗ್ಲಿಷ್. ಅದರಲ್ಲಿ ಒಂದು ಪ್ಯಾರಾ ಹೀಗಿತ್ತು: ಉಡಿಕೆ ನಡೆಯಿತೆಂದು ಹೇಳುವ ಆ ಸಂಜೆ ಅಣ್ಣನ ಹೆಂಡತಿ, ಆ ಮನೆಯ ಹಿರಿಯ ಸೊಸೆ, ಪೂರ್ತಿ ಮನೆಯಲ್ಲೇ ಇದ್ದರು, ಅಂಥ ಯಾವ ಶಾಸ್ತ್ರವನ್ನೂ ಅವರು ನೋಡಿಲ್ಲ. ಮರ್ಯಾದಸ್ಥ ಗೃಹಿಣಿಯ ಮಾತಿಗೆ ತೂಕ ಹೆಚ್ಚೆಂದು ಆ ವಕೀಲರು ಸೇರಿಸಿದ್ದಿರಬೇಕು. ಅಣ್ಣ ಇಂಗ್ಲಿಷ್ ತಿಳಿಯದೆ ಸಹಿ ಹಾಕಿದ್ದಿರಬೇಕು. ಹಳ್ಳಿಯವರು ಯಾರೂ ಈ ಮಾತನ್ನು ಬರೆಯುತ್ತಿರಲಿಲ್ಲ.

ದಬ್ಬಳ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಸೀನಿಯರ್ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಹೂಂ. ಯಾರಿಗೂ ಹೇಳಬೇಡ. ಹೊಲಿ."

ಅಷ್ಟೇ. ಒಂದು ವೆಲ್ ಡನ್ ಕೂಡ ಇಲ್ಲ.

ಭಾನುವಳ್ಳಿಗೆ ಹೊರಡುವ ಹಿಂದಿನ ದಿನ ಕಕ್ಷಿಗಾರ್ತಿ ಮತ್ತೆ ಬಂದಳು. ಈ ಸಲ ಸೀನಿಯರ್ ಕಡೆಗೆ ನೋಡಲೂ ಇಲ್ಲ, ನೇರ ನಡುಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಸೋದರತ್ತೀನ ಸಾಕ್ಷಿಗೆ ಕರೀಬ್ಯಾಡ್ರಿ ಅಂತ ಹೇಳಾಕ ಬಂದೆ. ಆಮ್ಯಾಲ ಬಸ್ಸಿನಾಗ ಕುಂತು ಯೋಚ್ನೆ ಮಾಡ್ದೆ, ಕರೀದಿದ್ರ ನಾನು ಆ ಮಾತು ಹೊತ್ಕಂಡೇ ಸಾಯ್ಬೇಕು. ಅದಕ್ಕ ಒಂದು ಮಾತು ಹೇಳವ್ವ ಅತ್ತೀಗೆ. ಹೂಂ ಅಂದ್ರೂ ಅಷ್ಟೆ, ಇಲ್ಲ ಅಂದ್ರೂ ಅಷ್ಟೆ, ನಂಗ ಸಿಟ್ಟಿಲ್ಲ. ಅವ್ರು ಹೊರಗ ಹಾಕಿದ್ರ ನಮ್ಮನಿಗೆ ಬಾ ಅನ್ನು. ಕೇಸು ಸೋತ್ರೂ ಗುತ್ತೂರಿನ ನಮ್ಮಣ್ಣನ ಮನ್ಯಾಗ ಇಬ್ರೂ ಇರಣ."

ನನಗೆ ಕಣ್ಣು ತುಂಬಿತು. ಹೇಳುತ್ತೇನೆ ಎಂದೆ. ಅವಳು ಹೋದ ಮೇಲೆ ಸೀನಿಯರ್‌ಗೆ ತಿಳಿಸಿದೆ, ಅವರೂ ಮೆಚ್ಚುತ್ತಾರೆ ಎಂದುಕೊಂಡು. ಅವರ ಮುಖ ಕಪ್ಪಿಟ್ಟಿತು.

"ಅದು ಕರುಣೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕೋರ್ಟಿನಲ್ಲಿ ಅದರ ಹೆಸರು ಆಮಿಷ. ಸಾಕ್ಷಿಗೆ ಇರೋಕೆ ಮನೆ ಕೊಡ್ತೀನಿ ಅಂತ ಹೇಳಿ ಕಳಿಸಿದ್ರು ಅಂತಾಗ್ತದೆ."

"ಆದರೆ ಸರ್, ಹೂಂ ಅಂದ್ರೂ ಇಲ್ಲ ಅಂದ್ರೂ ಅಂತ..."

"ಕೇಳು. ಆ ಅಜ್ಜಿ ಗಂಡಸರ ಮುಂದೆ ಬರೋದಿಲ್ಲ. ಬಾಗಿಲ ಹಿಂದೆ ಕೂತು ಹೇಳ್ತಾರೆ. ಒಳಗೆ ಯಾರೂ ಹೇಳಿಕೊಡ್ತಾ ಇಲ್ಲ ಅಂತ ನೋಡೋಕೆ ಎರಡೂ ಕಡೆಯಿಂದ ಒಬ್ಬೊಬ್ಬ ಹೆಣ್ಣುಮಗಳು ಬೇಕು. ಅದಕ್ಕೇ ನಿನ್ನ ಕರ್ಕೊಂಡು ಹೋಗೋದು. ಅಲ್ಲಿ ಕೂತ ಮೇಲೆ ನೀನು ನಮ್ಮ ಕಡೆಯವಳಲ್ಲ, ಕೋರ್ಟಿನ ಕಣ್ಣು. ಆಕೆ ಹೆಬ್ಬೆಟ್ಟು ಒತ್ತೋವರೆಗೂ ನಿನ್ನ ಬಾಯಿಂದ ಒಂದು ಮಾತು ಬರಬಾರದು. ತಲೆಯೂ ಆಡಿಸಬಾರದು. ಪ್ರಾಮಿಸ್?"

"ಪ್ರಾಮಿಸ್, ಸರ್."

ಹರಿಹರದಲ್ಲಿ ಕಮಿಷನರನ್ನು ಕಾರಿಗೆ ಹತ್ತಿಸಿಕೊಂಡೆವು. ಆತ ಕನ್ನಡಕದ ಯುವಕ, ಮಡಿಲಲ್ಲಿ ಕಾಗದದ ಕಟ್ಟು, ಇಂಕಿನ ಬಾಟಲಿ. ದಾರಿಯುದ್ದಕ್ಕೂ ಆ ಬಾಟಲಿ ಚೆಲ್ಲದಂತೆ ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. ಕಾಲುವೆಯ ಏರಿ ಬಂದಾಗ ಗಾಳಿ ತಂಪಾಯಿತು. ನಾನು ಮಾತ್ರ ಬಾಯಲ್ಲಿ ಕಲ್ಲಿಟ್ಟುಕೊಂಡವಳ ಹಾಗೆ ಕೂತಿದ್ದೆ.

ಅಣ್ಣ ಬಾಗಿಲಲ್ಲೇ ನಿಂತಿದ್ದ. ಎತ್ತರದ ಆಳು, ಬಿಳೀ ಪಂಚೆ, ನಗುಮುಖ. ನಾನು ಕಲ್ಪಿಸಿಕೊಂಡಿದ್ದ ವಿಲನ್ ಅಲ್ಲವೇ ಅಲ್ಲ.

"ಬರ್ರಿ, ಕೂಡ್ರಿ. ಕೇಸು ಕೇಸಿನ ಕಡಿಗೆ, ಮಂಡಕ್ಕಿ ಮಂಡಕ್ಕಿ ಕಡಿಗೆ. ಮೆಣಸಿನ್ಕಾಯಿ ಬಜ್ಜಿ ಬಿಸೇ ಅದಾವ."

ಎದುರು ವಕೀಲರು ಆಗಲೇ ತಿನ್ನುತ್ತಿದ್ದರು. ಸೀನಿಯರ್ ನೀರು ಮಾತ್ರ ತೆಗೆದುಕೊಂಡರು. ನನ್ನನ್ನು ಒಳಗೆ ಕೂರಿಸುವ ಬಗ್ಗೆ ಎದುರು ವಕೀಲರು ತಕರಾರು ತೆಗೆದರು: ಇವಳು ವಾದಿಯ ವಕೀಲರ ಆಫೀಸಿನವಳು. ಕಮಿಷನರ್ ತಕರಾರನ್ನು ಬರೆದುಕೊಂಡು, ಆ ಕಡೆಯಿಂದಲೂ ಒಬ್ಬರು ಕೂಡಲಿ ಎಂದ. ಆ ಕಡೆಯಿಂದ ಬಂದು ಕೂತವಳು ಅಣ್ಣನ ಹೆಂಡತಿ, ಹಿರಿಯ ಸೊಸೆ.

ಒಳಕೋಣೆ ಕತ್ತಲು. ಸೋದರತ್ತೆ ಚಾಪೆಯ ಮೇಲೆ, ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. ಹಕ್ಕಿಯಷ್ಟು ಮೈ. ಸೊಸೆ ಅವರ ಬಲಕ್ಕೆ ಕೂತು ಬೀಸಣಿಕೆ ಬೀಸುತ್ತಿದ್ದಳು. ನಾನು ಎಡಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಬಾಗಿಲು ಅರ್ಧ ಮುಚ್ಚಿತ್ತು. ಆಚೆ ಪಡಸಾಲೆಯಿಂದ ದನಿಗಳು ಮಾತ್ರ.

"ದೇವರ ಮೇಲೆ ಆಣೆ ಮಾಡಿ ಸತ್ಯ ಹೇಳ್ತೀನಿ ಅನ್ರಿ, ಅಜ್ಜಿ" ಎಂದ ಕಮಿಷನರ್.

"ಯಾವ ದೇವ್ರ ಮ್ಯಾಲಪ್ಪಾ?"

"ನಿಮಗೆ ನಂಬಿಕೆ ಇರೋ ದೇವರು."

ಅಜ್ಜಿ ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡರು. "ಕೈಯಾಗ ಐತೆ. ಕೇಳು."

ಸೀನಿಯರ್ ಕೇಳಿದರು. ಹೆಸರು, ವಯಸ್ಸು, ಈ ಮನೆಗೆ ಏನಾಗಬೇಕು. ಪ್ರತಿ ಉತ್ತರವನ್ನೂ ಕಮಿಷನರ್ ಇಂಗ್ಲಿಷಿಗೆ ತಿರುಗಿಸಿ ಬರೆದು, ಮತ್ತೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ನಿಬ್ಬಿನ ಕರಕರ ಒಳಗೂ ಕೇಳುತ್ತಿತ್ತು.

"ವಾದಿ ನಿಮಗೆ ಗೊತ್ತೇ?"

"ಗೊತ್ತು."

"ನಿಮ್ಮ ಕಿರಿಯ ಸೋದರಳಿಯನಿಗೆ ಆಕೆ ಏನಾಗಬೇಕು?"

ಪಡಸಾಲೆಯಲ್ಲಿ ಅಣ್ಣ ಕೆಮ್ಮಿದ.

"ಅವನ ಮನ್ಯಾಗ ಇದ್ಲು."

ಕಮಿಷನರ್ ಬರೆದ. ಆ ಒಂದು ಸಾಲು ಎದುರು ಪಕ್ಷದ ಇಡೀ ವಾದ.

"ಅವರಿಬ್ಬರಿಗೆ ಉಡಿಕೆ ಆಯಿತೇ?"

"ನಂಗ ನೆನಪಿಲ್ಲ."

"ಅತ್ತೀಗೆ ನೀರು ಕೊಡ್ರಿ, ಬಾಯಿ ಒಣಗಿರ್ತೈತಿ ಪಾಪ" ಎಂದ ಅಣ್ಣ ಹೊರಗಿನಿಂದ. ಅದೇ ಹೊತ್ತಿಗೆ ಕಮಿಷನರ್ ಪೆನ್ನಿನ ಇಂಕು ಮುಗಿಯಿತು. ಸ್ವಲ್ಪ ತಡೀರಿ ಎಂದು ಬಾಟಲಿ ತೆಗೆದ. ಸೊಸೆ ನೀರಿನ ಲೋಟ ಕೊಟ್ಟಳು. ಅಜ್ಜಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿದರು. ಪಿಸುದನಿ.

"ನೀನು ಅಕಿ ಕಡೆ ಹುಡುಗಿ ಅಲ್ಲೇನು? ಅಕಿ ಏನಾರ ಹೇಳಿ ಕಳಿಸ್ಯಾಳೇನು ನಂಗ?"

ಬೀಸಣಿಕೆ ನಿಂತಿತು. ಸೊಸೆ ನನ್ನನ್ನೇ ನೋಡುತ್ತಿದ್ದಳು.

ನನ್ನ ಬಾಯಲ್ಲಿತ್ತು ಆ ಮಾತು. ಹೇಳಿಬಿಟ್ಟರೆ ಈ ಮುದುಕಿಯ ಭಯ ಹೋಗುತ್ತದೆ, ಆ ಹೆಂಗಸು ಗೆಲ್ಲುತ್ತಾಳೆ. ಹೇಳಿದರೆ ಸೊಸೆ ಬಾಗಿಲು ತೆಗೆದು ಒಂದು ಮಾತು ಅಂದರೂ ಸಾಕು, ಇಡೀ ಸಾಕ್ಷಿ ಬಿದ್ದುಹೋಗುತ್ತದೆ. ಆದರೆ ಆ ಕ್ಷಣ ನಾನು ಲೆಕ್ಕ ಹಾಕುತ್ತಿದ್ದೆ ಅಂತಲೂ ಅಲ್ಲ. ಮಾತು ಕೊಟ್ಟಿದ್ದೆ, ಅಷ್ಟೇ ತಲೆಯಲ್ಲಿದ್ದದ್ದು.

"ಅಜ್ಜಿ, ನೀವು ಹೇಳಿ ಮುಗಿಸೋವರೆಗೂ ನಾನು ಏನೂ ಮಾತಾಡೋ ಹಂಗಿಲ್ಲ."

"ಬೈದಾಳೇನು?"

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಬೈದಿಲ್ಲ ಅಜ್ಜಿ, ಬೈದಿಲ್ಲ ಎಂದು ಕೂಗಬೇಕೆನಿಸಿತು. ತಲೆಯನ್ನೂ ಆಡಿಸಲಿಲ್ಲ. ಅವರು ನನ್ನ ಮುಖವನ್ನು ಒಂದಷ್ಟು ಹೊತ್ತು ಹುಡುಕಿ, ಏನೂ ಸಿಗದೆ, ಕಣ್ಣು ಮುಚ್ಚಿಕೊಂಡರು. ಬೈದಿದ್ದಾಳೆ ಎಂದೇ ತಿಳಿದುಕೊಂಡರು. ನನಗೆ ಅದು ಕಾಣುತ್ತಿತ್ತು.

ಪೆನ್ನಿಗೆ ಇಂಕು ತುಂಬಿತು. ಸೀನಿಯರ್ ದನಿ ಬಂತು, ಏನೂ ಅವಸರವಿಲ್ಲದ ದನಿ.

"ಉಡಿಕೆ ಆಯ್ತು ಅಂತ ವಾದಿ ಹೇಳೋ ಆ ಸಂಜೆ, ಈ ಮನೆಯ ಹಿರಿಯ ಸೊಸೆ ಎಲ್ಲಿದ್ದರು?"

"ಅಬ್ಜೆಕ್ಷನ್" ಎಂದರು ಎದುರು ವಕೀಲರು. "ಅದು ಲಿಖಿತ ಉತ್ತರದಲ್ಲೇ ಇದೆ. ಅವರು ಮನೆಯಲ್ಲೇ ಇದ್ದರು."

"ನೀವು ಹಾಗೆ ಬರೆದಿದ್ದೀರಿ, ಹೌದು" ಎಂದರು ಸೀನಿಯರ್. "ನಾನು ಸಾಕ್ಷಿಯನ್ನು ಕೇಳ್ತಿದ್ದೀನಿ."

ಕಮಿಷನರ್ ತಕರಾರು ಬರೆದುಕೊಂಡು, ಪ್ರಶ್ನೆಗೆ ಉತ್ತರ ಕೊಡಿ ಎಂದ.

ಈಗ ನಾನು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಅಜ್ಜಿ ಕಣ್ಣು ತೆರೆದರು. ಸೊಸೆಯ ಕೈಯಿಂದ ಬೀಸಣಿಕೆಯನ್ನು ಮೆಲ್ಲಗೆ ಬಿಡಿಸಿ ಚಾಪೆಯ ಮೇಲಿಟ್ಟರು. ಆ ಖಾಲಿ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳನ್ನು ನೋಡಿದರು. ಅಪ್ಪಣೆ ಕೇಳುವ ನೋಟವಲ್ಲ. ಕ್ಷಮಿಸು ಅನ್ನುವ ನೋಟ. ಸೊಸೆ ಕೈ ಎಳೆದುಕೊಳ್ಳಲಿಲ್ಲ. ಇದೆಲ್ಲ ಸದ್ದಿಲ್ಲದೆ ಆಯಿತು. ಆಮೇಲೆ ಅಜ್ಜಿ ಉಸಿರೆಳೆದುಕೊಂಡು, ಕೆಂಡ ತುಳಿದವರ ಹಾಗೆ ಒಮ್ಮೆಲೇ ದನಿ ಏರಿಸಿದರು.

"ಮನ್ಯಾಗ ಇದ್ಲು ಅಂತ ಬರ್ದೀರೇನು? ನಿಮ್ಮ ಬಾಯಿಗೆ ಮಣ್ಣ ಹಾಕ! ಮುತ್ತೈದೀನ ಒಳಗಿಟ್ಕಂಡು ಯಾರಾರ ಉಡಿಕಿ ಮಾಡ್ತಾರೇನ? ಹೊತ್ತು ಮುಳಗಾಕ ಮುಂಚೆ ನಾನೇ ಅಕೀನ ಮಗ್ಗುಲ ಮನಿಗೆ ಕಳಿಸಿದ್ನಿ! ಬಿಸ್ಲು ಬಿದ್ದ ಮ್ಯಾಲೇ ಬಾ ಅಂತ ಹೇಳಿ ಕಳಿಸಿದ್ನಿ!"

ಪಡಸಾಲೆಯಿಂದ ನಿಬ್ಬಿನ ಕರಕರ ಒಂದೇ.

ಆಮೇಲೆ ಎಲ್ಲ ಬಂತು. ಯಾವ ಕೋಣೆ, ಯಾವ ಅಯ್ನೋರು, ಬಳೆ ತೊಡಿಸುವಾಗ ಒಂದು ಒಡೆದದ್ದು, ತಾಳಿಯ ಗಂಟು ಬಿಗಿಯಲು ಹಲ್ಲು ಹಚ್ಚಿದ್ದು. ಎದುರು ವಕೀಲರು ಪಾಟೀಸವಾಲಿಗೆ ನಿಂತರು.

"ನೆನಪಿಲ್ಲ ಅಂತ ಮೊದಲು ಹೇಳಿದ್ರಲ್ಲ ಅಜ್ಜಿ, ಅದು ಸುಳ್ಳಾ?"

"ಹೂಂನಪ್ಪಾ. ಬಾಯಿ ಜಾರಿದ ಮ್ಯಾಲ ಇನ್ನೇನು ಮುಚ್ಚಿಡ್ಲಿ?"

ಹಾಗೆ ಹೇಳುವಾಗ ಅವರ ಮುಖದಲ್ಲಿ ಜಾರಿದವರ ಗಾಬರಿ ಎಳ್ಳಷ್ಟೂ ಇರಲಿಲ್ಲ.

ಕಮಿಷನರ್ ಪೂರ್ತಿ ಓದಿ ಹೇಳಿದ ಮೇಲೆ ಇಂಕಿನ ಪ್ಯಾಡು ಬಾಗಿಲ ಸಂದಿಯಿಂದ ಒಳಗೆ ಬಂತು. ಪ್ರತಿ ಹಾಳೆಯ ಮೇಲೂ ನಾನೇ ಅವರ ಹೆಬ್ಬೆರಳು ಹಿಡಿದು ಒತ್ತಿಸಿದೆ. ಕೊನೆಯ ಹಾಳೆ ಹೊರಗೆ ಹೋದ ಮೇಲೆ ಬಾಯಿಬಿಟ್ಟೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ಸಿಟ್ಟಿಲ್ಲವಂತೆ, ಹೂಂ ಅಂದ್ರೂ ಇಲ್ಲ ಅಂದ್ರೂ ಬರಬೇಕಂತೆ, ಗುತ್ತೂರಿನ ಅಣ್ಣನ ಮನೆ ಇದೆಯಂತೆ.

ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದರು. "ಈಗ ಹೇಳಿದ್ದು ಚಲೋ ಆತು. ಮುಂಚೆ ಹೇಳಿದ್ರ ಅನ್ನಕ್ಕ ಹೇಳಿದಂಗ ಆಗ್ತಿತ್ತು."

"ನೀವು ಬೇಕಂತಲೇ..." ಎಂದು ಶುರುಮಾಡಿದೆ.

"ನನ್ನ ಕೈಲೆ ಕಟ್ಟಿದ್ದು, ನನ್ನ ಬಾಯಿಲೆ ಹರೀಲೇನವ್ವ?" ದನಿ ತೀರ ಕೆಳಗಿತ್ತು. ನನ್ನನ್ನೂ ಸೊಸೆಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. "ಆದ್ರ ಇದು ನನ್ನಪ್ಪನ ಮನಿ. ಇಲ್ಲೇ ಹುಟ್ಟಿದ್ನಿ, ಇಲ್ಲೇ ಸಾಯ್ತೀನಿ. ಅವನೂ ನಾ ಎತ್ತಿ ಬೆಳ್ಸಿದ ಹುಡುಗ. ಬಾಯಿ ಜಾರಿತು ಅಂತ್ಲೇ ಇರ್ಲಿ. ಹೊರಗ ಅನಬ್ಯಾಡ್ರಿ."

ಸೊಸೆ ಬೀಸಣಿಕೆ ಎತ್ತಿಕೊಂಡು ಬೀಸತೊಡಗಿದಳು.

ಪಡಸಾಲೆಯಲ್ಲಿ ಅಣ್ಣ ಸೀನಿಯರ್ ಮೇಲೆ ರೇಗುತ್ತಿದ್ದ. "ಮುದುಕೀನ ಸಿಗಿಸಿಬಿಟ್ರಲ್ರಿ! ಅದಕ್ಕೇನು ತಿಳೀತೈತ್ರಿ, ಪಾಪದ್ದು?" ಅದಕ್ಕಿಂತ ಜೋರಾಗಿ ತನ್ನ ವಕೀಲರ ಮೇಲೆ: "ಆ ಮಾತು ಯಾರು ಬರೀರಿ ಅಂದಿದ್ರು ನಿಮಗ?" ಅತ್ತೆಯ ಬಗ್ಗೆ ಒಂದು ಕೆಟ್ಟ ಮಾತಿಲ್ಲ.

ಕಾರಿನಲ್ಲಿ ಸೀನಿಯರ್ ಮೊದಲ ಸಲ ನನ್ನನ್ನು ಹೊಗಳಿದರು. "ನಿನ್ನ ಪ್ಯಾರಾ ಕೆಲಸ ಮಾಡ್ತು ನೋಡಮ್ಮ." ಇಡೀ ರಜೆ ನಾನು ಕಾಯುತ್ತಿದ್ದ ಮಾತು ಅದು. ಥ್ಯಾಂಕ್ಯೂ ಸರ್ ಎಂದೆ, ಕಿಟಕಿಯಾಚೆ ನೋಡಿದೆ. ಒಳಗೆ ನಡೆದದ್ದನ್ನು ಅವರಿಗೂ ನಾನು ಹೇಳಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಮುಂದಿನ ಬೇಸಿಗೆಗೆ ಬಂದಾಗ ತೀರ್ಪಾಗಿತ್ತು. ಗೆದ್ದಿದ್ದೆವು. ಕೋರ್ಟು ಅವಳನ್ನು ಕಾನೂನುಬದ್ಧ ಹೆಂಡತಿ ಎಂದು ಘೋಷಿಸಿತ್ತು. ತೀರ್ಪಿನ ನಕಲನ್ನು ಹಿಡಿದು ನಾನೇ ಭಾನುವಳ್ಳಿಗೆ ಬಸ್ಸು ಹತ್ತಿದೆ. ಕಕ್ಷಿಗಾರ್ತಿ ಹೊಸ್ತಿಲಲ್ಲೇ ನನ್ನನ್ನು ತಬ್ಬಿಕೊಂಡಳು, ಆದರೆ ಕೂರಿಸಲಿಲ್ಲ.

"ಮೊದಲು ಎದುರು ಮನಿಗೆ ಹೋಗ್ಬಾ. ಅತ್ತಿ ಕರ್ದಾಳ. ಕಾಗದ ತಗಂಡು ಹೋಗು."

ಅಣ್ಣ ಪಡಸಾಲೆಯ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ. "ಬರ್ರಿ, ಗೆದ್ದೋರು" ಎಂದ, ತಲೆ ಎತ್ತದೆ. ಒಳಕೋಣೆಯಲ್ಲಿ ಅಜ್ಜಿ ಇನ್ನಷ್ಟು ಸಣ್ಣಗಾಗಿದ್ದರು. ಸೊಸೆ ಅವರ ತಲೆ ಬಾಚುತ್ತಿದ್ದಳು.

"ಡಿಕ್ರಿ ಆದಾಗಿಂದ ಊರಾಗ ಯಾರೋ ಅವನ ಕಿವ್ಯಾಗ ಊದ್ಯಾರ" ಎಂದರು ಅಜ್ಜಿ ಮೆಲ್ಲಗೆ. "ಮುದುಕಿ ಬೇಕಂತ್ಲೇ ಹೇಳಿದ್ಲು ಅಂತ. ಮಾತು ಬಿಟ್ಟಾನ. ಊಟಕ್ಕ ಏನೂ ಕಡಿಮಿ ಇಲ್ಲ. ಮಾತು ಬಿಟ್ಟಾನ, ಅಷ್ಟೆ. ಜಡ್ಜಿ ಏನಂತ ಬರ್ದಾನ, ಓದು."

ಇಂಗ್ಲಿಷ್ ಪುಟಗಳನ್ನು ತಿರುವಿ, ಆಕೆಯ ಬಗ್ಗೆ ಇದ್ದ ಜಾಗ ಹುಡುಕಿ, ಕನ್ನಡ ಮಾಡುತ್ತ ಓದಿದೆ: "ಪ್ರತಿವಾದಿಯ ಆಶ್ರಯದಲ್ಲಿರುವ ಈ ವೃದ್ಧೆ ಅವನಿಗೆ ನಿಷ್ಠಳಾಗಿ ಸತ್ಯವನ್ನು ಮುಚ್ಚಿಡಲು ಆದಷ್ಟು ಯತ್ನಿಸಿದ್ದಾಳೆ. ಅನಿರೀಕ್ಷಿತ ಪ್ರಶ್ನೆಯೊಂದಕ್ಕೆ ಅವಳ ಅರಿವಿಲ್ಲದೆಯೇ ಬಾಯಿ ತಪ್ಪಿ ಬಂದ ಉತ್ತರವನ್ನು ನಂಬದಿರಲು ಕಾರಣವಿಲ್ಲ."

ಅಜ್ಜಿ ಮಾಡಿದ ಆ ದೊಡ್ಡ ಕೆಲಸ ಸರ್ಕಾರಿ ಮೊಹರಿನ ಕೆಳಗೆ ಒಂದು ತಪ್ಪಾಗಿ ಬಿದ್ದಿತ್ತು. ಹೀಗಲ್ಲ, ನಾನು ನೋಡಿದ್ದೇನೆ, ಎಂದು ಹೇಳಲು ಬಾಯಿ ತೆರೆದೆ.

ಸೊಸೆ ಬಾಚಣಿಗೆ ಕೆಳಗಿಟ್ಟಳು. ಆ ಮನೆಯಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಇನ್ನೊಂದ್ಸಲ ಓದ್ರಿ. ಸ್ವಲ್ಪ ಜೋರಾಗಿ."

ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು.

ಓದಿದೆ. ಎಲೊಕ್ಯೂಷನ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದ ಹಾಗೆ, ಒಂದೊಂದು ಪದವನ್ನೂ ಬಿಡಿಸಿ, ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳುವಂತೆ ಓದಿದೆ. "ಅರಿವಿಲ್ಲದೆಯೇ" ಎಂಬಲ್ಲಿ ಇನ್ನಷ್ಟು ಒತ್ತಿ ಓದಿದೆ.

ಪಡಸಾಲೆಯಲ್ಲಿ ಪೇಪರ್ ಮಡಚುವ ಸದ್ದಾಯಿತು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಅತ್ತೀ" ಎಂದ ಅಣ್ಣ ಹೊರಗಿನಿಂದ. ದನಿ ಸ್ವಲ್ಪ ಒರಟಾಗಿತ್ತು. "ಚಾ ಕುಡುದ್ರೇನು?"